ಒಂದು ಸೂರು, ನಾಲ್ಕು ಬೀಗದ ಕೈ, ಒಂದೇ ಬಿಲ್ಲು

ಬಾಡಿಗೆ ಮನೆಯಲ್ಲಿ ಇರುವವರು ಮನೆ ಕಂದಾಯ ಕಟ್ಟಬೇಕೆ? ಈ ಪ್ರಶ್ನೆಯನ್ನು ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಕೇಳಿ ನೋಡಿ. ಉತ್ತರ ತಡವಿಲ್ಲದೆ ಬರುತ್ತದೆ. ಬಾಡಿಗೆ ನಮ್ಮದು, ಕಂದಾಯ ಮಾಲೀಕರದು. ಖಾತೆ ಯಾರ ಹೆಸರಿನಲ್ಲಿದೆಯೋ ಅವರು ಪಾಲಿಕೆಗೋ ಪಂಚಾಯಿತಿಗೋ ಕಟ್ಟುತ್ತಾರೆ. ಬೆಂಗಳೂರಿನ ಪಿಜಿಯಲ್ಲಿ ನಾಲ್ಕಾರು ವರ್ಷ ಕಳೆದ ಹುಡುಗನೊಬ್ಬ ಕಂದಾಯದ ರಸೀದಿಯನ್ನು ಕಣ್ಣಿಂದ ಕಂಡೇ ಇರುವುದಿಲ್ಲ.

ಅದೇ ಹುಡುಗ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋಗುತ್ತಾನೆ. ಮೂವರು ಗೆಳೆಯರ ಜೊತೆ ಸೇರಿ ಒಂದು ಮನೆ ಹಿಡಿಯುತ್ತಾನೆ. ಕೆಲವು ತಿಂಗಳ ಮೇಲೆ ಬಾಗಿಲಿನ ಅಂಚೆ ಕಿಂಡಿಯಿಂದ ಒಂದು ಲಕೋಟೆ ಒಳಗೆ ಬೀಳುತ್ತದೆ. ಕಳಿಸಿದ್ದು ಆ ಊರಿನ ಕೌನ್ಸಿಲ್. ನಮ್ಮ ನಗರಪಾಲಿಕೆಯಂಥ ಸಂಸ್ಥೆ ಅದು. ಒಳಗಿರುವುದು ಕೌನ್ಸಿಲ್ ಟ್ಯಾಕ್ಸ್ ಬಿಲ್ಲು. ಅದರ ಮೇಲೆ ಮಾಲೀಕನ ಹೆಸರಿಲ್ಲ. ಈ ಹುಡುಗನ ಹೆಸರಿದೆ.

ಇಂದಿನ ಮಾತು ಆ ಬಿಲ್ಲಿನ ಕುರಿತು. ಒಂದೇ ಮನೆಯಲ್ಲಿ ನಾಲ್ಕು ಜನ ಹಂಚಿಕೊಂಡು ಇದ್ದಾಗ ಈ ತೆರಿಗೆ ಯಾರ ಹೆಗಲಿಗೆ ಬೀಳುತ್ತದೆ? ಯಾಕೆ ಬೀಳುತ್ತದೆ? ಮಕ್ಕಳನ್ನು ಅಲ್ಲಿಗೆ ಕಳಿಸಿರುವ, ಕಳಿಸಲು ಹೊರಟಿರುವ ಸಾವಿರಾರು ಕನ್ನಡ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಶುಲ್ಕ, ಬಾಡಿಗೆ, ಊಟ, ವಿಮಾನದ ಖರ್ಚು ಎಲ್ಲವೂ ಇರುತ್ತವೆ. ಈ ಒಂದು ಬಾಬ್ತು ಬಿಟ್ಟುಹೋಗಿರುತ್ತದೆ.

ಮೊದಲು ಮೊತ್ತ ಎಷ್ಟು ಎಂದು ನೋಡೋಣ. ಇಂಗ್ಲೆಂಡಿನಲ್ಲಿ ಪ್ರತಿ ಮನೆಯನ್ನೂ ಎಂಟು ದರ್ಜೆಗಳಲ್ಲಿ ಒಂದಕ್ಕೆ ಸೇರಿಸಿದ್ದಾರೆ. ಅವುಗಳನ್ನು ಬ್ಯಾಂಡ್ ಎನ್ನುತ್ತಾರೆ. ಎ ಯಿಂದ ಎಚ್ ವರೆಗೆ. ಎ ಎಂದರೆ ಅಗ್ಗದ ಮನೆ, ಎಚ್ ಎಂದರೆ ಬಂಗಲೆ. ನಡುವಿನ ಡಿ ಬ್ಯಾಂಡನ್ನು ಅಳತೆಗೋಲಾಗಿ ಹಿಡಿಯುತ್ತಾರೆ. 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ಡಿ ಬ್ಯಾಂಡ್ ಮನೆಗೆ ವರ್ಷಕ್ಕೆ ಸುಮಾರು 2300 ಪೌಂಡ್ ತೆರಿಗೆ. ರೂಪಾಯಿಯಲ್ಲಿ ಎರಡೂವರೆ ಲಕ್ಷಕ್ಕೂ ಮೇಲೆ. ಎ ಬ್ಯಾಂಡಿನ ಮನೆಗೆ ಇದರ ಮೂರನೆಯ ಎರಡು ಪಾಲು. ಎಚ್ ಬ್ಯಾಂಡಿಗೆ ಇದರ ಎರಡರಷ್ಟು.

ಊರಿನಿಂದ ಊರಿಗೆ ದರ ಬೇರೆ. ಲಂಡನ್ನಿನ ನಟ್ಟನಡುವೆ ಇರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಡಿ ಬ್ಯಾಂಡಿಗೆ ಸಾವಿರ ಪೌಂಡಿನ ಆಸುಪಾಸು. ಎರಡು ದೊಡ್ಡ ವಿಶ್ವವಿದ್ಯಾಲಯಗಳಿರುವ ನಾಟಿಂಗ್‌ಹ್ಯಾಮ್‌ನಲ್ಲಿ 2600 ಪೌಂಡಿಗೂ ಹೆಚ್ಚು. ರಾಜಧಾನಿಯ ಶ್ರೀಮಂತ ಬೀದಿಗಳಲ್ಲಿ ಕಡಿಮೆ, ಮಧ್ಯಮ ಊರಿನಲ್ಲಿ ಜಾಸ್ತಿ. ಕಸ ಎತ್ತುವುದು, ಬೀದಿ ದೀಪ, ಗ್ರಂಥಾಲಯ, ವಯಸ್ಸಾದವರ ಆರೈಕೆ, ಇವಕ್ಕೆಲ್ಲ ಈ ಹಣ ಹೋಗುತ್ತದೆ. ಪೊಲೀಸ್ ಮತ್ತು ಅಗ್ನಿಶಾಮಕ ದಳದ ಪಾಲೂ ಇದೇ ಬಿಲ್ಲಿನಲ್ಲಿ ಸೇರಿರುತ್ತದೆ.

ಒಂದು ಸಂಗತಿ ಕೇಳುಗರಿಗೆ ವಿಚಿತ್ರ ಅನ್ನಿಸಬಹುದು. ಮನೆ ಯಾವ ಬ್ಯಾಂಡಿಗೆ ಸೇರುತ್ತದೆ ಎಂಬುದು ಇಂದಿನ ಬೆಲೆಯ ಮೇಲೆ ನಿಂತಿಲ್ಲ. 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬ ಅಂದಾಜಿನ ಮೇಲೆ ನಿಂತಿದೆ. ಆಗ 40 ಸಾವಿರ ಪೌಂಡಿನೊಳಗಿದ್ದದ್ದು ಎ. 3 ಲಕ್ಷ 20 ಸಾವಿರ ಮೀರಿದ್ದು ಎಚ್. ಅಂದಾಜು ಮಾಡುವವರು ಆಗ ಎಷ್ಟೋ ಬೀದಿಗಳಲ್ಲಿ ಕಾರಿನಿಂದ ಇಳಿಯಲೂ ಇಲ್ಲ. ನಿಧಾನವಾಗಿ ಕಾರು ಓಡಿಸುತ್ತಾ ಹೊರಗಿನಿಂದಲೇ ನೋಡಿ ಬರೆದುಕೊಂಡು ಹೋದರು. ಆ ಬರಹವೇ ಇಂಗ್ಲೆಂಡಿನಲ್ಲಿ ಇಂದಿಗೂ ನಡೆಯುತ್ತಿದೆ. ಈ ವರ್ಷ ಕಟ್ಟಿದ ಹೊಸ ಮನೆಗೂ 1991ರಲ್ಲಿ ಇದ್ದಿದ್ದರೆ ಬೆಲೆ ಎಷ್ಟಿರುತ್ತಿತ್ತು ಎಂದು ಊಹಿಸಿಯೇ ಬ್ಯಾಂಡ್ ಕೊಡುತ್ತಾರೆ. ವೇಲ್ಸ್ ಮಾತ್ರ 2003ರ ಬೆಲೆಗೆ ಬದಲಾಯಿತು. ಅಲ್ಲಿ ಒಂಬತ್ತು ಬ್ಯಾಂಡುಗಳಿವೆ. ಸ್ಕಾಟ್ಲೆಂಡಿನಲ್ಲಿ ನೀರು ಮತ್ತು ಒಳಚರಂಡಿಯ ಶುಲ್ಕವೂ ಇದೇ ಬಿಲ್ಲಿನ ಜೊತೆ ಬರುತ್ತದೆ. ಉತ್ತರ ಐರ್ಲೆಂಡಿನಲ್ಲಿ ವ್ಯವಸ್ಥೆಯೇ ಬೇರೆ. ಇಂದು ಹೇಳುವ ಲೆಕ್ಕವೆಲ್ಲ ಇಂಗ್ಲೆಂಡಿನದು.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಮನೆಗೊಂದು ಬ್ಯಾಂಡ್, ಬ್ಯಾಂಡಿಗೊಂದು ದರ, ವರ್ಷಕ್ಕೊಂದು ಬಿಲ್ಲು. ಇದು ಮನೆಯ ಮೇಲಿನ ತೆರಿಗೆ ಎಂದು ನಿಮಗೆ ಅನ್ನಿಸಿರಬಹುದು. ಅರ್ಧ ಮಾತ್ರ ಹೌದು. ಉಳಿದರ್ಧ ಮನುಷ್ಯರ ಮೇಲಿನ ತೆರಿಗೆ. ಆ ಅರ್ಧ ಹುಟ್ಟಿದ್ದು ಒಂದು ದೊಡ್ಡ ಜಗಳದಿಂದ.

ಇಂಗ್ಲೆಂಡಿನಲ್ಲಿ ಹಿಂದೆ ಇದ್ದದ್ದು ರೇಟ್ಸ್ ಎಂಬ ತೆರಿಗೆ. ಅದರ ಬೇರು 1601ರ ಬಡವರ ಪೋಷಣೆಯ ಕಾನೂನಿನವರೆಗೆ ಹೋಗುತ್ತದೆ. ಮನೆಗೆ ಎಷ್ಟು ಬಾಡಿಗೆ ಬರಬಹುದು ಎಂಬ ಅಂದಾಜಿನ ಮೇಲೆ ಅದನ್ನು ಹಾಕುತ್ತಿದ್ದರು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಅದನ್ನು ಕಿತ್ತುಹಾಕಿತು. ಬದಲಿಗೆ ತಲೆಗಂದಾಯ ತಂದಿತು. ಸ್ಕಾಟ್ಲೆಂಡಿನಲ್ಲಿ 1989ಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ಕ್ಕೆ. ಒಂದು ಊರಿನ ವಯಸ್ಕರೆಲ್ಲರಿಗೂ ಒಂದೇ ಮೊತ್ತ. ದೊಡ್ಡ ಬಂಗಲೆಯಲ್ಲಿ ಒಬ್ಬನೇ ಇರುವವನಿಗೆ ಒಂದು ಬಿಲ್ಲು. ಅಜ್ಜ, ಅಜ್ಜಿ, ಮಗ, ಸೊಸೆ, ಬೆಳೆದ ಮೊಮ್ಮಗ ಇಕ್ಕಟ್ಟಿನಲ್ಲಿ ಬಾಳುವ ಸಣ್ಣ ಮನೆಗೆ ಐದು ಬಿಲ್ಲು. ವಿದ್ಯಾರ್ಥಿಗಳಿಗೂ ಪೂರ್ತಿ ಬಿಡುಗಡೆ ಇರಲಿಲ್ಲ. ಅವರು ಶೇಕಡ 20ರಷ್ಟು ಕಟ್ಟಬೇಕಿತ್ತು.

ಜನ ಸಹಿಸಲಿಲ್ಲ. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪ್ರತಿಭಟನೆ ದೊಂಬಿಗೆ ತಿರುಗಿತು. ಲಕ್ಷಾಂತರ ಮಂದಿ ಕಟ್ಟುವುದಿಲ್ಲ ಎಂದು ಕುಳಿತರು. ಅದೇ ವರ್ಷದ ನವೆಂಬರಿನಲ್ಲಿ ಥ್ಯಾಚರ್ ಅಧಿಕಾರ ಬಿಟ್ಟರು. ಅವರು ಇಳಿಯಲು ಬೇರೆ ಕಾರಣಗಳೂ ಇದ್ದವು, ದೊಡ್ಡ ಕಾರಣಗಳಲ್ಲಿ ಈ ತೆರಿಗೆಯೂ ಒಂದು. ಮುಂದಿನ ವರ್ಷದ ಬಜೆಟ್‌ನಲ್ಲಿ ತಲೆಗೆ 140 ಪೌಂಡ್ ಇಳಿಸಿ, ಆ ಕೊರತೆ ತುಂಬಲು ವ್ಯಾಟ್ ದರವನ್ನು ಶೇಕಡ 15ರಿಂದ ಹದಿನೇಳೂವರೆಗೆ ಏರಿಸಿದರು. 1992ರಲ್ಲಿ ಹೊಸ ಕಾನೂನು ಬಂತು. 1993ರ ಏಪ್ರಿಲ್ 1ರಿಂದ ಕೌನ್ಸಿಲ್ ಟ್ಯಾಕ್ಸ್ ಜಾರಿಯಾಯಿತು.

ಹೊಸ ತೆರಿಗೆ ಒಂದು ರಾಜಿ. ಅರ್ಧ ಮನೆಯ ಮೇಲೆ, ಅರ್ಧ ಜನರ ಮೇಲೆ. ಪ್ರತಿ ಮನೆಯಲ್ಲೂ ಇಬ್ಬರು ವಯಸ್ಕರಿದ್ದಾರೆ ಎಂದು ಇಟ್ಟುಕೊಂಡರು. ಆರು ಜನರಿದ್ದರೂ ಇಬ್ಬರೆಂದೇ ಲೆಕ್ಕ, ಆದ್ದರಿಂದ ಬಿಲ್ಲು ಏರುವುದಿಲ್ಲ. ಒಬ್ಬರೇ ಇದ್ದರೆ ಜನರ ಅರ್ಧದಲ್ಲಿ ಅರ್ಧ ಬಿಟ್ಟರು. ಅರ್ಧದಲ್ಲಿ ಅರ್ಧ ಎಂದರೆ ಕಾಲು. ಒಂಟಿ ವಾಸಕ್ಕೆ ಇಂದು ಸಿಗುವ ಶೇಕಡ 25ರ ರಿಯಾಯಿತಿ ಹುಟ್ಟಿದ್ದು ಹೀಗೆ. ಈ ಕಾಲು ಭಾಗವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬರುವ ತೊಡಕೆಲ್ಲ ಇದರ ಸುತ್ತಲೇ ಇದೆ.

ಹಾಗಾದರೆ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸುವುದು ಹೇಗೆ? ತಲೆ ಎಣಿಸಿದರೆ ಸಾಲದು. ಕೆಲವರನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. 18 ತುಂಬದ ಮಕ್ಕಳು ಲೆಕ್ಕಕ್ಕಿಲ್ಲ. ಕೆಲವು ಬಗೆಯ ಅಪ್ರೆಂಟಿಸ್‌ಗಳು, ತೀವ್ರ ಮಾನಸಿಕ ಅಸಾಮರ್ಥ್ಯ ಇರುವವರು, ರೋಗಿಯ ಜೊತೆಗೇ ಇದ್ದು ಆರೈಕೆ ಮಾಡುವ ಕೆಲವರು ಲೆಕ್ಕಕ್ಕಿಲ್ಲ. ನಮ್ಮ ಕೇಳುಗರಿಗೆ ಮುಖ್ಯವಾದವರು ಪೂರ್ಣಾವಧಿ ವಿದ್ಯಾರ್ಥಿಗಳು. ಅವರೂ ಲೆಕ್ಕಕ್ಕಿಲ್ಲ.

ಪೂರ್ಣಾವಧಿ ಎಂದರೆ ಏನು? ಕೋರ್ಸು ಕನಿಷ್ಠ ಒಂದು ಶೈಕ್ಷಣಿಕ ವರ್ಷದ್ದಾಗಿರಬೇಕು. ವರ್ಷದಲ್ಲಿ ಕನಿಷ್ಠ 24 ವಾರ ನಡೆಯಬೇಕು. ಆ ವಾರಗಳಲ್ಲಿ ಪಾಠ, ಓದು ಎಲ್ಲ ಸೇರಿ ಸರಾಸರಿ 21 ಗಂಟೆ ಆಗಬೇಕು. ಸಂಜೆ ಹೊತ್ತು ಅಂಗಡಿಯಲ್ಲಿ ದುಡಿಯುವ ವಿದ್ಯಾರ್ಥಿ ವಿದ್ಯಾರ್ಥಿಯೇ. ಕೆಲಸ ಮಾಡಿದ ಮಾತ್ರಕ್ಕೆ ವಿನಾಯಿತಿ ತಪ್ಪುವುದಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ಈ ತೆರಿಗೆ ಇಲ್ಲವೇ ಇಲ್ಲ. ಖಾಸಗಿ ಬಾಡಿಗೆ ಮನೆಯಲ್ಲೂ ಇರುವವರೆಲ್ಲ ವಿದ್ಯಾರ್ಥಿಗಳೇ ಆಗಿದ್ದರೆ ಮನೆಗೆ ಪೂರ್ತಿ ವಿನಾಯಿತಿ. ಬಿಲ್ಲು ಸೊನ್ನೆ. ಆದರೆ ಆ ಸೊನ್ನೆ ತಾನಾಗಿ ಬರುವುದಿಲ್ಲ. ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿ ಎಂಬ ಪ್ರಮಾಣಪತ್ರ ಪಡೆದು ಕೌನ್ಸಿಲ್‌ಗೆ ತಲುಪಿಸಬೇಕು. ಮನೆಯ ನಾಲ್ವರೂ ತಲುಪಿಸಬೇಕು. ಒಬ್ಬ ಮರೆತರೆ ಕೌನ್ಸಿಲ್‌ನ ಕಡತದಲ್ಲಿ ಅವನೊಬ್ಬ ಸಾಮಾನ್ಯ ವಯಸ್ಕನಾಗಿಯೇ ಉಳಿಯುತ್ತಾನೆ.

ಎಣಿಕೆಯ ಮಾತು ಮುಗಿಯಿತು. ಇನ್ನು ಹೊಣೆಯ ಮಾತು. ಇವೆರಡೂ ಬೇರೆ ಬೇರೆ. ಎಷ್ಟು ಜನರಿದ್ದಾರೆ ಎಂಬುದು ಬಿಲ್ಲಿನ ಮೊತ್ತ ಹೇಳುತ್ತದೆ. ಯಾರು ಕಟ್ಟಬೇಕು ಎಂಬುದನ್ನು ಇನ್ನೊಂದು ನಿಯಮ ಹೇಳುತ್ತದೆ.

ಆ ನಿಯಮ ಒಂದು ಏಣಿಯಂತಿದೆ. ಮನೆಯಲ್ಲೇ ವಾಸವಿರುವ ಮಾಲೀಕ ಎಲ್ಲಕ್ಕೂ ಮೇಲಿನ ಮೆಟ್ಟಿಲು. ಅವನಿಲ್ಲದಿದ್ದರೆ ವಾಸವಿರುವ ಬಾಡಿಗೆದಾರ. ಅವನೂ ಇಲ್ಲದಿದ್ದರೆ ಅನುಮತಿ ಪಡೆದು ಇರುವವನು, ಆಮೇಲೆ ಸುಮ್ಮನೆ ವಾಸವಿರುವವನು. ಯಾರೂ ವಾಸವಿಲ್ಲದಿದ್ದರೆ ಕಡೆಗೆ ಬೇರೆಡೆ ಇರುವ ಮಾಲೀಕ. ಮೇಲಿನಿಂದ ಇಳಿಯುತ್ತಾ ಬಂದು ಮೊದಲು ಸಿಕ್ಕವನ ಹೆಸರಿಗೆ ಬಿಲ್ಲು. ನಮ್ಮಲ್ಲಿ ಮಾಲೀಕ ಮೊದಲು ಬರುತ್ತಾನೆ. ಅಲ್ಲಿ ಮನೆಯಲ್ಲಿ ವಾಸವಿಲ್ಲದ ಮಾಲೀಕ ಕೊನೆಗೆ ಬರುತ್ತಾನೆ. ನಮ್ಮ ಮಕ್ಕಳು ಎಡವುವುದು ಇಲ್ಲೇ.

ಒಂದೇ ಮೆಟ್ಟಿಲಿನಲ್ಲಿ ನಾಲ್ವರು ನಿಂತಿದ್ದರೆ? ನಾಲ್ವರೂ ಒಂದೇ ಬಾಡಿಗೆ ಕರಾರಿಗೆ ಸಹಿ ಹಾಕಿದ್ದರೆ ನಾಲ್ವರಿಗೂ ಜಂಟಿ ಹೊಣೆ. ಜಂಟಿ ಹೊಣೆಯ ಅರ್ಥವನ್ನು ಸರಿಯಾಗಿ ತಿಳಿಯಬೇಕು. ನಾಲ್ಕರಲ್ಲಿ ಒಂದು ಪಾಲು ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. ಪೂರ್ತಿ ಮೊತ್ತಕ್ಕೆ ಪ್ರತಿಯೊಬ್ಬರೂ ಹೊಣೆ. ಮೂವರು ಕಟ್ಟದೆ ಭಾರತಕ್ಕೆ ಮರಳಿದರೆ ಉಳಿದ ಒಬ್ಬನಿಂದ ಕೌನ್ಸಿಲ್ ಇಡೀ ಬಾಕಿ ವಸೂಲು ಮಾಡಬಹುದು. ಗೆಳೆಯರೊಳಗಿನ ಪಾಲಿನ ಲೆಕ್ಕ ಕೌನ್ಸಿಲ್‌ಗೆ ಸಂಬಂಧಿಸಿದ್ದಲ್ಲ.

ಇದಕ್ಕೆ ಒಂದು ಅಪವಾದ ಇದೆ. 2004ರ ಏಪ್ರಿಲಿನಿಂದ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳನ್ನು ಈ ಜಂಟಿ ಹೊಣೆಯಿಂದ ಬಿಡಿಸಿದರು. ಒಂದೇ ಮೆಟ್ಟಿಲಿನಲ್ಲಿ ವಿದ್ಯಾರ್ಥಿಯೂ ವಿದ್ಯಾರ್ಥಿಯಲ್ಲದವನೂ ಇದ್ದರೆ ಬಿಲ್ಲು ಎರಡನೆಯವನದು. ವಿದ್ಯಾರ್ಥಿಗೆ ಇದು ಒಳ್ಳೆಯದು, ನ್ಯಾಯವೂ ಹೌದು. ಉಳಿದವನ ಪಾಡು ಏನಾಗುತ್ತದೆ ಎಂದು ಒಂದು ಮನೆಯ ಲೆಕ್ಕ ಹಿಡಿದು ನೋಡೋಣ.

ನಾಟಿಂಗ್‌ಹ್ಯಾಮ್‌ನ ಲೆಂಟನ್ ಎಂಬ ಬಡಾವಣೆ ಎಂದುಕೊಳ್ಳಿ. ವಿಶ್ವವಿದ್ಯಾಲಯದ ಪಕ್ಕದ ಜಾಗ. ಕೆಂಪು ಇಟ್ಟಿಗೆಯ, ಗೋಡೆಗೆ ಗೋಡೆ ಅಂಟಿಕೊಂಡ ಸಾಲು ಮನೆಗಳು. ಅಂಥದ್ದೊಂದು ಎ ಬ್ಯಾಂಡಿನ ಮನೆ. ವರ್ಷದ ಬಿಲ್ಲು ದುಂಡಾಗಿ 1800 ಪೌಂಡ್ ಎನ್ನೋಣ. ಒಳಗೆ ನಾಲ್ವರು. ಒಬ್ಬ ಹಾಸನದವನು, ಒಬ್ಬಳು ಶಿವಮೊಗ್ಗದವಳು, ಒಬ್ಬ ಬೀದರಿನವನು, ಒಬ್ಬಳು ಉಡುಪಿಯವಳು. ಕರಾರು ಒಂದೇ, ಸಹಿ ನಾಲ್ಕು. ನಾಲ್ವರೂ ವಿದ್ಯಾರ್ಥಿಗಳು. ಬಿಲ್ಲು ಸೊನ್ನೆ.

ಈಗ ಹಾಸನದವನ ಕೋರ್ಸು ಎಲ್ಲರಿಗಿಂತ ಮೊದಲು ಮುಗಿಯುತ್ತದೆ. ಮರುದಿನದಿಂದ ಅವನು ವಿದ್ಯಾರ್ಥಿಯಲ್ಲ. ಈ ತೆರಿಗೆಯನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ, ಆದ್ದರಿಂದ ಆ ದಿನದಿಂದಲೇ ಮನೆಯ ವಿನಾಯಿತಿ ಮುಗಿಯುತ್ತದೆ. ಲೆಕ್ಕಕ್ಕೆ ಬರುವ ವಯಸ್ಕ ಅವನೊಬ್ಬನೇ. ಹಾಗಾಗಿ ಕಾಲು ಭಾಗ ರಿಯಾಯಿತಿ. 1800ರಲ್ಲಿ 450 ಕಳೆದು ವರ್ಷಕ್ಕೆ 1350 ಪೌಂಡ್. ತಿಂಗಳಿಗೆ 110 ಪೌಂಡಿಗೂ ತುಸು ಹೆಚ್ಚು. ಕಟ್ಟಬೇಕಾದವನು ಅವನು ಒಬ್ಬನೇ. ಮನೆಯಲ್ಲಿ ಮೂವರು ಗೆಳೆಯರಿದ್ದಾರೆ, ಅಡುಗೆಮನೆಯಲ್ಲಿ ನಾಲ್ಕು ಜನರ ಪಾತ್ರೆಗಳಿವೆ, ಆದರೂ ಕಾನೂನಿನ ಕಣ್ಣಿಗೆ ಅವನು ಒಂಟಿ.

ಕೆಲವು ತಿಂಗಳಾದ ಮೇಲೆ ಶಿವಮೊಗ್ಗದವಳ ಓದೂ ಮುಗಿಯುತ್ತದೆ. ಈಗ ಲೆಕ್ಕಕ್ಕೆ ಇಬ್ಬರು. ರಿಯಾಯಿತಿ ಹೋಯಿತು. ಬಿಲ್ಲು ಪೂರ್ತಿ 1800ಕ್ಕೆ ಏರಿತು. ಇಬ್ಬರೂ ಸಮ ಹಂಚಿಕೊಂಡರೆ ತಲೆಗೆ ವರ್ಷಕ್ಕೆ 900. ಗಮನಿಸಿ, ಬಿಲ್ಲು ಏರಿತು, ಹಾಸನದವನ ಪಾಲು 1350ರಿಂದ 900ಕ್ಕೆ ಇಳಿಯಿತು. ಮೂರನೆಯವನು ಸೇರಿದರೆ ತಲೆಗೆ 600. ನಾಲ್ವರೂ ಓದು ಮುಗಿಸಿದರೆ 450.

ಅಂದರೆ ಮೊದಲು ಓದು ಮುಗಿಸಿದವನಿಗೆ ಎಲ್ಲರಿಗಿಂತ ಭಾರವಾದ ಹೊರೆ. ಅವನ ಕೈಯಲ್ಲಿ ಆಗ ಕೆಲಸ ಇರುವುದಿಲ್ಲ, ವಿದ್ಯಾರ್ಥಿ ಎಂಬ ರಕ್ಷಣೆಯೂ ಇರುವುದಿಲ್ಲ. ಊರಲ್ಲಿ ಸಾಲದ ಕಂತು ಎದುರಿಗೆ ನಿಂತಿರುತ್ತದೆ. ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇದು ಎಂದು ಬಿಚ್ಚಿ ಹೇಳಬೇಕು. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದರೆ ಒಂದೇ ಜೇಬಿನಿಂದ ಕಟ್ಟುತ್ತಾರೆ. ಅವರಿಗೆ ಜಂಟಿ ಹೊಣೆ ಸರಿ. ಬಾಡಿಗೆ ಕಡಿಮೆಯಾಗಲಿ ಎಂದು ಕೂಡಿದ ನಾಲ್ವರನ್ನು ಒಂದು ಕುಟುಂಬದಂತೆ ನೋಡುವುದು, ಅದರಲ್ಲೂ ಮೊದಲು ಸಿಕ್ಕವನಿಂದ ಇಡೀ ಮೊತ್ತ ಕೇಳುವುದು, 1992ರಲ್ಲಿ ಕಾನೂನು ಬರೆದವರು ಇಬ್ಬರು ವಯಸ್ಕರ ಮನೆಯನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರ ಫಲ.

ಬಡವರಿಗೆ ಸಹಾಯ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದಾಯ ಕಡಿಮೆ ಇರುವವರಿಗೆ ಕೌನ್ಸಿಲ್ ಟ್ಯಾಕ್ಸ್ ಕಡಿತದ ಯೋಜನೆ ಇದೆ. ಆದರೆ ವಲಸೆ ನಿಯಮ ಅದನ್ನು ಸರ್ಕಾರಿ ನೆರವು ಎಂದು ಪರಿಗಣಿಸುತ್ತದೆ. ನಮ್ಮ ಮಕ್ಕಳ ವೀಸಾದ ಮೇಲೆ ಅಂಥ ನೆರವು ಪಡೆಯಬಾರದು ಎಂಬ ಷರತ್ತು ಇರುತ್ತದೆ. ತಿಳಿಯದೆ ಅರ್ಜಿ ಹಾಕಿದರೆ ಮುಂದಿನ ವೀಸಾಕ್ಕೆ ತೊಂದರೆ ಆಗಬಹುದು. ಇಲ್ಲೊಂದು ಭೇದ ನೆನಪಿಡಿ. ವಿದ್ಯಾರ್ಥಿ ವಿನಾಯಿತಿ ಸರ್ಕಾರಿ ನೆರವಲ್ಲ. ಒಂಟಿ ವಾಸದ ಕಾಲು ಭಾಗ ರಿಯಾಯಿತಿಯೂ ಅಲ್ಲ. ಅವೆರಡನ್ನೂ ಧೈರ್ಯವಾಗಿ ಕೇಳಬಹುದು. ಆದಾಯ ನೋಡಿ ಕೊಡುವ ಕಡಿತವನ್ನು ಮಾತ್ರ ಕೇಳಬಾರದು.

ಈವರೆಗೆ ಎರಡು ಮಾತು ಆದವು. ವಿದ್ಯಾರ್ಥಿ ಲೆಕ್ಕಕ್ಕಿಲ್ಲ, ಉಳಿದವನು ಇಡೀ ಬಿಲ್ಲಿಗೆ ಹೊಣೆ. ಇನ್ನು ತಾರೀಖಿನ ಮಾತು. ವಿದ್ಯಾರ್ಥಿ ಎನ್ನುವುದು ಕೋರ್ಸು ಶುರುವಾದ ದಿನದಿಂದ ಮುಗಿದ ದಿನದವರೆಗೆ. ಆಗಸ್ಟ್ ಮೊದಲ ವಾರ ಮನೆ ಹಿಡಿದು, ತರಗತಿ ಸೆಪ್ಟೆಂಬರ್ ಕೊನೆಗೆ ಶುರುವಾದರೆ ನಡುವಿನ ವಾರಗಳಿಗೆ ಬಿಲ್ಲು ಬರಬಹುದು. ಹಾಗೆಯೇ ಘಟಿಕೋತ್ಸವ ಚಳಿಗಾಲದಲ್ಲಿದ್ದರೂ ಕೋರ್ಸು ಸೆಪ್ಟೆಂಬರಿನಲ್ಲಿ ಮುಗಿದಿದ್ದರೆ ವಿನಾಯಿತಿ ಸೆಪ್ಟೆಂಬರಿನಲ್ಲೇ ಮುಗಿಯುತ್ತದೆ. ಗೌನು ತೊಟ್ಟು ಫೋಟೊ ತೆಗೆಸಿಕೊಳ್ಳುವ ದಿನಕ್ಕೂ ತೆರಿಗೆಗೂ ಸಂಬಂಧವಿಲ್ಲ. ಪ್ರಮಾಣಪತ್ರದಲ್ಲಿ ಅಚ್ಚಾದ ತಾರೀಖು ನೋಡಬೇಕು.

ಇನ್ನು ಕುಟುಂಬದವರು. ಪಿಎಚ್.ಡಿ. ಮಾಡುವವರ ಜೊತೆ ಗಂಡನೋ ಹೆಂಡತಿಯೋ ಹೋಗುವುದುಂಟು. 2024ರ ಜನವರಿಯಿಂದ ತರಗತಿಯ ಸ್ನಾತಕೋತ್ತರ ಕೋರ್ಸುಗಳಿಗೆ ಸೇರುವವರು ಕುಟುಂಬ ಕರೆದೊಯ್ಯುವಂತಿಲ್ಲ, ಸಂಶೋಧನೆಯವರು ಕರೆದೊಯ್ಯಬಹುದು. ಹಾಗೆ ಬಂದ ಸಂಗಾತಿ ಬ್ರಿಟಿಷ್ ಪ್ರಜೆಯಲ್ಲದೆ, ವೀಸಾದಲ್ಲಿ ಸರ್ಕಾರಿ ನೆರವಿಗೆ ನಿರ್ಬಂಧವಿದ್ದರೆ, ಆ ಸಂಗಾತಿಯೂ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅರಿಯದೆ ಬಿಲ್ಲು ಬಂದಷ್ಟನ್ನೂ ಕಟ್ಟುವ ದಂಪತಿಗಳಿಗೆ ಈ ಮಾತು ತಲುಪಬೇಕು. ಕೌನ್ಸಿಲ್‌ಗೆ ವೀಸಾದ ವಿವರ ಕೊಟ್ಟು ಕೇಳಬೇಕು.

ಮಗಳ ಬಾಣಂತನಕ್ಕೆ ಮೈಸೂರಿನಿಂದ ತಾಯಿ ಹೋಗುತ್ತಾರೆ. ಐದಾರು ತಿಂಗಳು ಇರುತ್ತಾರೆ. ಅವರಿಂದ ಬಿಲ್ಲು ಏರುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಆ ಮನೆ ಒಬ್ಬರ ಮುಖ್ಯ ವಾಸಸ್ಥಾನವಾಗಿದ್ದರೆ ಮಾತ್ರ ಅವರು ಎಣಿಕೆಗೆ ಬರುತ್ತಾರೆ. ನೋಡಿಹೋಗಲು ಬಂದ ತಾಯಿಯ ಮನೆ ಮೈಸೂರಿನಲ್ಲೇ ಇದೆ.

ಒಬ್ಬಂಟಿಯಾಗಿ ಫ್ಲ್ಯಾಟು ಹಿಡಿದು ಕಾಲು ಭಾಗ ರಿಯಾಯಿತಿ ಪಡೆಯುತ್ತಿರುವ ಸಾಫ್ಟ್‌ವೇರ್ ಉದ್ಯೋಗಿಯ ಕಥೆ ಬೇರೆ. ಊರಿನ ಗೆಳೆಯನೊಬ್ಬ ಕೆಲಸ ಹುಡುಕುತ್ತಾ ಬಂದು ಜೊತೆಗೇ ನೆಲೆಸುತ್ತಾನೆ. ಕರಾರಿನಲ್ಲಿ ಅವನ ಹೆಸರಿಲ್ಲ. ಬಿಲ್ಲಿನಲ್ಲೂ ಬರುವುದಿಲ್ಲ. ಆದರೆ ಅವನಿಗೆ ಬೇರೆ ಮನೆ ಇಲ್ಲದಿದ್ದರೆ ಎಣಿಕೆಗೆ ಬಂದ, ರಿಯಾಯಿತಿ ಹೋಯಿತು. ಇದನ್ನು ಕೌನ್ಸಿಲ್‌ಗೆ 21 ದಿನದೊಳಗೆ ತಿಳಿಸಬೇಕು. ತಿಳಿಸದಿದ್ದರೆ 70 ಪೌಂಡ್ ದಂಡ ಹಾಕಬಹುದು. ಮೇಲಾಗಿ ಹಿಂದಿನ ರಿಯಾಯಿತಿಯನ್ನೆಲ್ಲ ವಾಪಸು ಕಟ್ಟಬೇಕು. ಬಂದ ಗೆಳೆಯ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ರಿಯಾಯಿತಿ ಹಾಗೇ ಉಳಿಯುತ್ತದೆ.

ಇದುವರೆಗೆ ಹೇಳಿದ್ದು ನಾಲ್ವರೂ ಸೇರಿ ಒಂದೇ ಕರಾರು ಮಾಡಿಕೊಂಡ ಮನೆಯ ಕಥೆ. ಕೋಣೆಗೊಂದು ಕರಾರು ಮಾಡುವ ಮನೆಗಳೂ ಇವೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ತಮ್ಮ ತಮ್ಮ ಕೋಣೆಗೆ ಬಾಡಿಗೆ ಕೊಡುತ್ತಾರೆ, ಅಡುಗೆಮನೆ ಮತ್ತು ಬಚ್ಚಲು ಎಲ್ಲರದು. ನಮ್ಮ ಪಿಜಿಗೆ ಹತ್ತಿರದ ವ್ಯವಸ್ಥೆ. ಇಂಥ ಮನೆಗಳಲ್ಲಿ ಏಣಿಯ ನಿಯಮ ತಿರುಗುತ್ತದೆ. ಹೊಣೆ ಮಾಲೀಕನದು. ಅವನು ಅದನ್ನು ಬಾಡಿಗೆಯೊಳಗೆ ಸೇರಿಸಿಕೊಳ್ಳುತ್ತಾನೆ, ಅದು ಬೇರೆ ಮಾತು. ಆದರೆ ಕೌನ್ಸಿಲ್‌ನ ನೋಟಿಸು ಹುಡುಗನ ಹೆಸರಿಗೆ ಬರುವುದಿಲ್ಲ.

ಇಲ್ಲೂ ಒಂದು ಕಾಟ ಇತ್ತು. ಕೆಲವು ಕಡೆ ಮನೆಯ ಒಂದೊಂದು ಕೋಣೆಗೂ ಬೇರೆ ಬೇರೆ ಬ್ಯಾಂಡ್ ಕೊಟ್ಟುಬಿಡುತ್ತಿದ್ದರು. ಹಾಗಾದರೆ ಒಂದು ಕೋಣೆಯೇ ಒಂದು ಮನೆಯಾಗಿ, ಅದರಲ್ಲಿ ಮಲಗುವವನಿಗೆ ಎ ಬ್ಯಾಂಡಿನ ಬಿಲ್ಲು ಬರುತ್ತಿತ್ತು. 2023ರ ಡಿಸೆಂಬರ್ 1ರಿಂದ ಇಂಗ್ಲೆಂಡಿನಲ್ಲಿ ನಿಯಮ ಬದಲಾಯಿತು. ಹಂಚಿಕೊಂಡ ಮನೆ ಎಂದರೆ ಇಡೀ ಮನೆಗೆ ಒಂದೇ ಬ್ಯಾಂಡ್, ಹೊಣೆ ಮಾಲೀಕನಿಗೆ. ಬಾಡಿಗೆದಾರರ ಪಾಲಿಗೆ ಇತ್ತೀಚೆಗೆ ಬಂದ ಬದಲಾವಣೆಗಳಲ್ಲಿ ಇದು ನಿಜಕ್ಕೂ ಉಪಕಾರದ್ದು.

ಕಟ್ಟದೆ ಹೋದರೆ ಏನಾಗುತ್ತದೆ? ಸಾಮಾನ್ಯವಾಗಿ ಬಿಲ್ಲನ್ನು ಹತ್ತು ಕಂತಿನಲ್ಲಿ ಕಟ್ಟುತ್ತಾರೆ, ಏಪ್ರಿಲಿನಿಂದ ಜನವರಿಯವರೆಗೆ. ಕೇಳಿಕೊಂಡರೆ ಹನ್ನೆರಡು ಕಂತು ಮಾಡಿಕೊಡಬೇಕು. ಕಂತು ತಪ್ಪಿದರೆ ಜ್ಞಾಪನ ಪತ್ರ ಬರುತ್ತದೆ. ಏಳು ದಿನದ ಗಡುವು. ಮೀರಿದರೆ ಕಂತಿನ ಹಕ್ಕು ಹೋಗಿ ವರ್ಷದ ಬಾಕಿ ಅಷ್ಟನ್ನೂ ಒಟ್ಟಿಗೆ ಕಟ್ಟಬೇಕಾಗುತ್ತದೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚು. ಕೋರ್ಟು ಆದೇಶ ಕೊಟ್ಟರೆ ಸಂಬಳದಿಂದ ಕಡಿತ ಮಾಡಬಹುದು, ವಸೂಲಿಗೆ ಜಫ್ತಿಯವರನ್ನು ಕಳಿಸಬಹುದು. ಬೇಕೆಂದೇ ಕಟ್ಟದವರನ್ನು ಇಂಗ್ಲೆಂಡಿನಲ್ಲಿ ಮೂರು ತಿಂಗಳವರೆಗೆ ಜೈಲಿಗೆ ಹಾಕುವ ಕಾನೂನು ಇದೆ. ವೇಲ್ಸ್ 2019ರಲ್ಲಿ ಅದನ್ನು ತೆಗೆದುಹಾಕಿತು. ಜೈಲಿನ ಹೆದರಿಕೆಗಿಂತ ನಿಜವಾದ ಅಪಾಯ ಇನ್ನೊಂದಿದೆ. ಅರ್ಥವಾಗದ ಪತ್ರವನ್ನು ಮಡಿಸಿ ಮೇಜಿನ ಮೇಲೆ ಇಟ್ಟು ಸುಮ್ಮನಾಗುವುದು. ಸೊನ್ನೆಯಾಗಬಹುದಾಗಿದ್ದ ಬಿಲ್ಲು ಕೋರ್ಟು ಖರ್ಚಿನವರೆಗೆ ಬೆಳೆಯುವುದು ಹೀಗೆ. ಬಿಲ್ಲಿನಲ್ಲಿ ತಪ್ಪಿದೆ ಎನ್ನಿಸಿದರೆ ಮೊದಲು ಕೌನ್ಸಿಲ್‌ಗೆ ಬರೆಯಬೇಕು. ಅವರು ಒಪ್ಪದಿದ್ದರೆ ವ್ಯಾಲ್ಯುಯೇಷನ್ ಟ್ರಿಬ್ಯೂನಲ್ ಎಂಬ ಸ್ವತಂತ್ರ ನ್ಯಾಯಮಂಡಳಿ ಇದೆ. ಅಲ್ಲಿಗೆ ಹೋಗಲು ಶುಲ್ಕವಿಲ್ಲ.

ಕೇಳುಗರೇ, ಮಕ್ಕಳು ಅಲ್ಲಿ ಮನೆ ಹಿಡಿಯುವ ಮುಂಚೆ ಕರಾರಿನ ಪ್ರತಿಯನ್ನು ತರಿಸಿಕೊಂಡು ನೀವೂ ಒಮ್ಮೆ ಓದಿ. ಕರಾರು ಇಡೀ ಮನೆಗೋ ಬರೀ ಕೋಣೆಗೋ ಎಂದು ನೋಡಿ. ಜೊತೆಗೆ ಇರುವವರು ಯಾರು, ಅವರ ಕೋರ್ಸು ಯಾವಾಗ ಮುಗಿಯುತ್ತದೆ ಎಂದು ಕೇಳಿ. ನಾಲ್ವರೂ ವಿದ್ಯಾರ್ಥಿಗಳಾಗಿರುವಾಗಲೇ, ಮೊದಲು ಮುಗಿಸುವವನ ಬಿಲ್ಲನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳಲು ಹೇಳಿ. ಅದು ಕೌನ್ಸಿಲ್‌ನ ಮೇಲೆ ನಡೆಯುವುದಿಲ್ಲ, ಗೆಳೆಯರ ನಡುವೆ ನಡೆಯುತ್ತದೆ. ಓದು ಮುಗಿಯುವ ತಿಂಗಳಿನಿಂದ ಮುಂದಿನ ಆರು ತಿಂಗಳಿಗೆ ಬೇಕಾಗುವ ಏಳುನೂರು ಪೌಂಡನ್ನು ಸಾಲದ ಅಂದಾಜಿನಲ್ಲಿ ಈಗಲೇ ಸೇರಿಸಿ.